ನಾಲ್ಕು ಹೊಸ ಟೈರು, ಹನ್ನೆರಡು ನಿಮಿಷದ ಓಟ, ಎರಡು ದಿನದ ರಜೆ

ಹಳೆ ಸೆಟ್ ಟೈರನ್ನು ಹಾಳು ಮಾಡಿದ್ದು ನಾನೇ. ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಮುಂಚಿನ ಸಂಜೆ ಹಾಕಿಸಿದೆ. ಬೆಳಿಗ್ಗೆ ಮೊದಲ ಸೆಷನ್ನಿನಲ್ಲೇ 20 ನಿಮಿಷ ಬಿಡುವಿಲ್ಲದೆ ಜಾಡಿಸಿ ಓಡಿಸಿದೆ. ಆವತ್ತಿನ ಗ್ರಿಪ್ ನೋಡಿ ಕುಣಿದಾಡಿದ್ದೂ ಆಯಿತು. ಮೂರನೇ ಟ್ರ್ಯಾಕ್ ಡೇ ಹೊತ್ತಿಗೆ ಟ್ರೆಡ್ (ನೆಲಕ್ಕೆ ತಾಗುವ ಗೀರುಗಳ ರಬ್ಬರ್) ಇನ್ನೂ 3.5 ಮಿಲಿಮೀಟರ್ ಉಳಿದಿತ್ತು, ಹಿಡಿತ ಮಾತ್ರ ಉಳಿದಿರಲಿಲ್ಲ. ಮುಂದಿನ ಎಡ ಟೈರಿನ ಹೊರ ಅಂಚು ನೀಲಿ ಬಣ್ಣಕ್ಕೆ ತಿರುಗಿ, ಹರಿದ ಚಪ್ಪಲಿ ಥರ ಎದ್ದು ನಿಂತಿತ್ತು. ಉಗುರಿನಿಂದ ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ.

ಹೊಸ ಟೈರನ್ನು ಮೊದಲ ಸಲ ಹದವಾಗಿ ಬಿಸಿ ಮಾಡಿ, ಒಂದೆರಡು ದಿನ ರಜೆ ಕೊಟ್ಟು, ಆಮೇಲೆ ಜೋರಾಗಿ ಓಡಿಸಬೇಕು ಅನ್ನುತ್ತಾರೆ. ಅದಕ್ಕೆ ಹೀಟ್ ಸೈಕಲ್ ಅಂತ ಹೆಸರು, ನಾನು ಅದನ್ನು ಮಾಡಿರಲಿಲ್ಲ. ಎಲ್ಲಾ ತಪ್ಪೂ ಆ ಮೊದಲ ದಿನದ್ದೇ ಅಂತ ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಗಾಳಿ ಎಷ್ಟಿತ್ತು, ಎಷ್ಟು ಬಿಸಿಯಾಗಿತ್ತು, ಒಂದನ್ನೂ ಬರೆದಿಟ್ಟಿರಲಿಲ್ಲ. ಅದಕ್ಕೇ ಈ ಸಲ ಹೊಸ ಸೆಟ್ ಬಂದ ದಿನವೇ ಒಂದು ನೋಟ್‌ಬುಕ್ ತೆಗೆದಿಟ್ಟೆ. ಕೆಳಗಿರುವುದು ಅದರಲ್ಲಿದ್ದದ್ದೇ, ಬೈಗುಳ ಬಿಟ್ಟು.

ಕಾರು ಹಳೆಯ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್. ಟೈರ್ 195/50 ಆರ್15, ಟ್ರೆಡ್‌ವೇರ್ 200. ಈ ಅಂಕಿ ಕಮ್ಮಿ ಇದ್ದಷ್ಟೂ ರಬ್ಬರ್ ಬೇಗ ಸವೆಯುತ್ತದೆ ಅಂತ ಲೆಕ್ಕ. ದಿನಾ ಓಡಿಸುವ ಕಾರಿನ ಟೈರುಗಳಲ್ಲಿ 400, 500 ಇರುವುದು ಮಾಮೂಲು. ಹವ್ಯಾಸಿ ರೇಸಿಂಗಿನ ಎಷ್ಟೋ ಕ್ಲಾಸ್‌ಗಳಲ್ಲಿ 200ಕ್ಕಿಂತ ಕೆಳಗಿನ ಟೈರ್ ಹಾಕುವ ಹಾಗಿಲ್ಲ. ಆದರೆ ಈ ಅಂಕಿಯನ್ನು ಕೊಡುವುದು ಟೈರ್ ಮಾಡಿದ ಕಂಪನಿಯೇ. ಹಾಗಾಗಿ ಒಂದು ಕಂಪನಿಯ 200ಕ್ಕೂ ಇನ್ನೊಂದರ 200ಕ್ಕೂ ಹಿಡಿತದಲ್ಲಿ ಅಜಗಜಾಂತರ ಇದ್ದರೂ ಆಶ್ಚರ್ಯ ಇಲ್ಲ.

ದಿನ 1: ಬಿಚ್ಚಿ ನೋಡಿದ್ದು

ಮೊದಲು ಹುಟ್ಟಿದ ದಿನ ನೋಡಿದೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಇದಕ್ಕೇ ಇರುವುದು. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರು ಟೈರಿನಲ್ಲಿ 1425 ಇತ್ತು, ಅಂದರೆ 2025ರ 14ನೇ ವಾರ. ಒಂದರಲ್ಲಿ 0925. ಐದು ವಾರದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಐದು ತಿಂಗಳಾಗಿದ್ದರೆ ವಾಪಸ್ ಕಳಿಸುತ್ತಿದ್ದೆ. ಈ ಸಾಲು ಟೈರಿನ ಒಂದೇ ಬದಿಯಲ್ಲಿ ಪೂರ್ತಿ ಇರುತ್ತದೆ, ಇನ್ನೊಂದು ಬದಿಯಲ್ಲಿ ಎಷ್ಟೋ ಸಲ ಅರ್ಧವೇ ಇರುತ್ತದೆ. ಹಾಕಿಸಿದ ಮೇಲೆ ನೋಡುತ್ತೇನೆ ಅಂದರೆ ಕಾರಿನ ಕೆಳಗೆ ತೂರಬೇಕಾಗುತ್ತದೆ.

ಆಮೇಲೆ ಮುಟ್ಟಿ ನೋಡಿದೆ. ಹೊಸ ಟೈರಿನ ಮೈ ಮೇಲೆ ಒಂದು ಹೊಳಪು ಇರುತ್ತದೆ. ಅಚ್ಚಿನೊಳಗೆ ಬೆಂದಾಗ ಅಚ್ಚಿನ ನುಣುಪು ಹಾಗೇ ರಬ್ಬರಿಗೆ ಬಂದಿರುತ್ತದೆ, ಅಚ್ಚಿಗೆ ಅಂಟಬಾರದು ಅಂತ ಹಚ್ಚಿದ್ದರ ಅಂಶವೂ ಸ್ವಲ್ಪ ಉಳಿದಿರಬಹುದು. ಅಲ್ಲಲ್ಲಿ ಕೂದಲಿನ ಹಾಗೆ ಎದ್ದಿರುವ ಸಣ್ಣ ರಬ್ಬರ್ ಮೊಳೆಗಳೂ ಅಚ್ಚಿನವೇ. ಗಾಳಿ ಹೊರಗೆ ಹೋಗಲಿ ಅಂತ ಅಚ್ಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಅದರೊಳಗೆ ರಬ್ಬರ್ ನುಗ್ಗಿ ಹೀಗಾಗುತ್ತದೆ. ಬೆರಳು ಎಳೆದರೆ ಸರ್ರಂತ ಜಾರಿತು. ಹಳೆ ಟೈರಿನ ಮೇಲೆ ಎಳೆದರೆ ಬೆರಳು ತಡೆದು ತಡೆದು ಹೋಗುತ್ತದೆ. ಈ ಒಂದು ಸಣ್ಣ ಪರೀಕ್ಷೆ ಸಾಕು, ಹೊಸ ಟೈರ್ ಹಾಕಿ ಮೊದಲ ತಿರುವಿನಲ್ಲೇ ಶೂರತನ ಯಾಕೆ ತೋರಿಸಬಾರದು ಅಂತ ಗೊತ್ತಾಗೋಕೆ. ಬೈಕಿನವರಿಗಂತೂ ಇದು ಇನ್ನೂ ಚೆನ್ನಾಗಿ ಗೊತ್ತು.

ಟ್ರೆಡ್ ಆಳ ನಾಲ್ಕಕ್ಕೂ 6.5 ಮಿಲಿಮೀಟರ್. ಮೇಲೆ ಅಂಟಿಸಿದ್ದ ಲೇಬಲ್ ಕಿತ್ತು, ಉಳಿದ ಗೋಂದನ್ನು ಸೋಪು ನೀರಿನಲ್ಲಿ ಉಜ್ಜಿದೆ. ಪೆಟ್ರೋಲ್, ಥಿನ್ನರ್ ಹತ್ತಿರಕ್ಕೂ ತರಲಿಲ್ಲ. ಹೊಳಪನ್ನೂ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆಯುವವರನ್ನು ನೋಡಿದ್ದೇನೆ. ರಸ್ತೆ ಪುಕ್ಕಟೆ ಮಾಡಿಕೊಡುವ ಕೆಲಸಕ್ಕೆ ನಾನ್ಯಾಕೆ ಕೈ ನೋಯಿಸಿಕೊಳ್ಳಲಿ?

ಗೆಳೆಯನ ಹತ್ತಿರ ಡ್ಯೂರೋಮೀಟರ್ ಇದೆ, ರಬ್ಬರ್ ಎಷ್ಟು ಗಟ್ಟಿ ಅಂತ ತೋರಿಸುವ ಪುಟ್ಟ ಮೀಟರ್. ತಂದು ಒತ್ತಿದೆ. ಹೊಸದು 62 ತೋರಿಸಿತು. ಮೂಲೆಯಲ್ಲಿ ಬಿದ್ದಿದ್ದ ಹಳೆ ಸೆಟ್ಟಿಗೆ ಒತ್ತಿದರೆ 75. ಬೆಳಿಗ್ಗೆ ತಂಪಿನಲ್ಲೊಂದು, ಮಧ್ಯಾಹ್ನ ಬಿಸಿಲಲ್ಲೊಂದು ಅಂಕಿ ತೋರಿಸುವ ಮೀಟರ್ ಇದು. ಎರಡೂ ಸೆಟ್ಟನ್ನು ಒಂದೇ ನೆರಳಲ್ಲಿಟ್ಟು, ಒಂದೇ ಹೊತ್ತಿಗೆ ನೋಡಿದರೆ ಮಾತ್ರ ಅರ್ಥ.

ದಿನ 2: ಹಾಕಿಸಿದ್ದು, ಮತ್ತೆ ಸೋಪಿನ ಕಥೆ

ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ. ಅದನ್ನು ವಾಲ್ವ್ ಪಕ್ಕಕ್ಕೆ ತಂದು ಕೂರಿಸಿದರೆ ಬ್ಯಾಲೆನ್ಸಿಂಗಿಗೆ ರಿಮ್ಮಿಗೆ ಹಾಕುವ ಸೀಸದ ತುಂಡು ಕಮ್ಮಿ ಸಾಕು. ಹೊರಬದಿ ಯಾವುದು ಅಂತಲೂ ಟೈರಿನ ಮೇಲೇ ಬರೆದಿರುತ್ತದೆ. ಇವೆರಡನ್ನೂ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ನೋಡಿಕೊಂಡೆ. ನೋಡದೇ ಬಿಟ್ಟಿದ್ದು ಸೋಪು.

ಹುಡುಗ ಬ್ರಷ್ಷನ್ನು ಡಬ್ಬಿಯೊಳಗೆ ಅದ್ದಿ ಅದ್ದಿ ಬಳಿಯುತ್ತಿದ್ದ. ಜಾಸ್ತಿ ಆಯ್ತಲ್ವಾ ಅಂದೆ. "ಇದರ ಸೈಡ್ ತುಂಬಾ ಗಟ್ಟಿ ಸರ್, ಸೋಪ್ ಇಲ್ದೆ ಬೀಡ್ ಕೂರಲ್ಲ" ಅಂದ. ಬೀಡ್ ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು. ಅವನು ಹೇಳಿದ್ದೂ ಸುಳ್ಳಲ್ಲ. ಬೀಡ್ ಎರಡು ಸಲ ಢಬ್ ಢಬ್ ಅಂತ ಕೂತಿತು, ಬ್ಯಾಲೆನ್ಸಿಂಗ್ ಆಯಿತು, ಮನೆಗೆ ಬಂದೆ.

ಮನೆಯಲ್ಲಿ ಮಾಡಿದ ಒಂದು ಒಳ್ಳೆ ಕೆಲಸ ಏನಂದರೆ, ಬಿಳಿ ಪೇಂಟ್ ಮಾರ್ಕರಿನಲ್ಲಿ ಟೈರಿನಿಂದ ರಿಮ್ಮಿಗೆ ಸೇರುವ ಹಾಗೆ ಒಂದು ನೇರ ಗೆರೆ ಎಳೆದಿದ್ದು. ನಾಲ್ಕು ಚಕ್ರಕ್ಕೂ. ಟೈರ್ ರಿಮ್ಮಿನ ಮೇಲೆ ತಿರುಗಿದರೆ ಗೆರೆ ಮುರಿದು ಕಾಣುತ್ತದೆ.

ವೀಲ್ ನಟ್ಟಿಗೆ ಮ್ಯಾನ್ಯುವಲ್‌ನಲ್ಲಿರುವುದು 103 ನ್ಯೂಟನ್ ಮೀಟರ್. ಅಂಗಡಿಯ ಗಾಳಿ ಗನ್ನಿನಲ್ಲಿ ಬಿಗಿ ಮಾಡಿದ್ದನ್ನೆಲ್ಲ ಸಡಿಲಿಸಿ, ಎದುರು ಬದುರಾಗಿ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿದೆ. ಒಂದು ನಟ್ಟನ್ನು ಬಿಚ್ಚೋಕೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಮೇಲೆ ನಿಲ್ಲಬೇಕಾಯಿತು.

ಅಲೈನ್‌ಮೆಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂದೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಮೈನಸ್ 2.5 ಡಿಗ್ರಿ, ಹಿಂದೆ ಮೈನಸ್ 1.5, ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಹೆಚ್ಚುಕಮ್ಮಿ ಸೊನ್ನೆ. ಹೊಸ ಟೈರಿಗಾಗಿ ಏನನ್ನೂ ಬದಲಿಸಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದೇ ಕಾರಣಕ್ಕೆ ಹೊಸ ಬ್ರೇಕ್ ಪ್ಯಾಡನ್ನೂ ಡಬ್ಬದಲ್ಲೇ ಬಿಟ್ಟೆ. ಪ್ಯಾಡ್ ಪಳಗಿಸೋಕೆ ಮತ್ತೆ ಮತ್ತೆ ಜೋರಾಗಿ ಬ್ರೇಕ್ ಒತ್ತಬೇಕು. ಹೊಸ ಟೈರಿಗೆ ಅದೇ ಬೇಡ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದಕ್ಕಾದರೂ ಅನ್ಯಾಯ.

ದಿನ 3ರಿಂದ 7: ರಸ್ತೆ

ಗುರಿ 160 ಕಿಲೋಮೀಟರ್, ಮಾಮೂಲು ಓಡಾಟ. ಚಿರ್ ಅನ್ನಿಸಬಾರದು, ಚಕ್ರ ಸುತ್ತಿಸಬಾರದು. ಅಂಗಳದಲ್ಲಿ ಚಕ್ರ ಸುತ್ತಿಸಿ ಹೊಗೆ ಎಬ್ಬಿಸಿದರೆ ಹೊಳಪು ಒಂದು ನಿಮಿಷಕ್ಕೆ ಹೋಗುತ್ತದೆ ನಿಜ. ಆದರೆ ಬಿಸಿಯೆಲ್ಲ ಮೇಲ್ಪದರಕ್ಕೇ ಹೊಡೆಯುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಅದೂ ಎಳೆಯುವ ಎರಡು ಚಕ್ರಕ್ಕೆ ಮಾತ್ರ.

40 ಕಿಲೋಮೀಟರ್ ಆದಾಗ ನಿಲ್ಲಿಸಿ ನೋಡಿದೆ. ನಡುವಿನ ಪಟ್ಟಿ ಮಂಕಾಗಿ ಬೂದು ಬಣ್ಣಕ್ಕೆ ಬಂದಿತ್ತು. ಕ್ಯಾಂಬರ್ ಇರುವುದರಿಂದ ಒಳ ಅಂಚೂ ಹಾಗೇ. ಹೊರ ಅಂಚಿನ ಎರಡು ಬೆರಳಗಲ ಮಾತ್ರ ಅಂಗಡಿಯಲ್ಲಿದ್ದ ಹಾಗೇ ಹೊಳೆಯುತ್ತಿತ್ತು, ಮೊಳೆ ಕೂದಲೂ ಹಾಗೇ ಇತ್ತು. ರಸ್ತೆಯಲ್ಲಿ ಎಷ್ಟು ಓಡಿಸಿದರೂ ಆ ಎರಡು ಬೆರಳಗಲ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಟ್ರ್ಯಾಕಿನ ತಿರುವಿನಲ್ಲಿ ಭಾರ ಹೊರುವುದು ಮಾತ್ರ ಅದೇ ಜಾಗ. ರಸ್ತೆಯಲ್ಲಿ ಸಾವಿರ ಕಿಲೋಮೀಟರ್ ಓಡಿಸಿದ್ದೀನಿ, ಟೈರ್ ಪಳಗಿದೆ ಅನ್ನುವವರು ಈ ಅಂಚನ್ನು ಒಮ್ಮೆ ಬಗ್ಗಿ ನೋಡಬೇಕು.

90 ಕಿಲೋಮೀಟರ್ ದಾಟಿದಾಗ ಅಡ್ಡ ಬಂದ ನಾಯಿಗೆ ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಾಕಬೇಕಾಯಿತು. ಅಲ್ಲಿಂದ ಮುಂದೆ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗೋಕೆ ಶುರು. ಮೊದಲು ಸೀಸ ಉದುರಿರಬೇಕು ಅಂದುಕೊಂಡೆ. ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಬಲ ಚಕ್ರದ ಬಿಳಿ ಗೆರೆ ಎರಡು ತುಂಡಾಗಿದೆ. ರಿಮ್ಮಿನ ಗೆರೆಗಿಂತ ಟೈರಿನ ಗೆರೆ 3 ಸೆಂಟಿಮೀಟರ್ ಮುಂದಕ್ಕೆ ಹೋಗಿದೆ.

ಗೆರೆ ಯಾವ ದಿಕ್ಕಿಗೆ ಹೋಗಿದೆ ಅನ್ನುವುದೇ ಕಥೆ ಹೇಳುತ್ತದೆ. ಬ್ರೇಕ್ ಹಿಡಿಯುವುದು ರಿಮ್ಮನ್ನು. ಟೈರ್ ಮುಂದಕ್ಕೆ ಉರುಳುತ್ತಲೇ ಇರುತ್ತದೆ. ಬೀಡಿನ ಹತ್ತಿರ ಸೋಪು ಇನ್ನೂ ಹಸಿಯಾಗಿದ್ದರೆ ಟೈರ್ ರಿಮ್ಮಿನ ಮೇಲೆ ಮುಂದಕ್ಕೆ ಜಾರುತ್ತದೆ. ಗೇರ್ ಹಾಕಿ ಜೋರಾಗಿ ಎಳೆದಾಗ ಜಾರಿದ್ದರೆ ಗೆರೆ ಹಿಂದಕ್ಕೆ ಹೋಗಿರುತ್ತಿತ್ತು. ಟೈರ್ ಜಾರಿದ ಮೇಲೆ ಸೀಸ ಇರಬೇಕಾದ ಜಾಗದಲ್ಲಿ ಇಲ್ಲ, ನಡುಕ ಬರದೆ ಇನ್ನೇನು?

ಮತ್ತೆ ಅಂಗಡಿ. ಗಾಳಿ ಬಿಟ್ಟು, ಬೀಡ್ ಒತ್ತಿ ಇಳಿಸಿ ನೋಡಿದರೆ ಒಳಗೆ ಸೋಪು ಲೋಳೆ ಲೋಳೆಯಾಗಿ ಕೂತಿತ್ತು. ಒರೆಸಿ, ಒಣಗಿಸಿ, ತೆಳ್ಳಗೆ ಒಂದೇ ಕೈ ಬಳಿಸಿ, ಮತ್ತೆ ಕೂರಿಸಿ ಬ್ಯಾಲೆನ್ಸ್ ಮಾಡಿಸಿದೆ. ಉಳಿದ ಮೂರನ್ನೂ ಬಿಚ್ಚಿಸಿ ಒರೆಸಿದ್ದಾಯಿತು. ಆಮೇಲೆ ಒಂದು ರಾತ್ರಿ, ಒಂದು ಹಗಲು ಕಾರು ಅಲ್ಲಾಡಿಸಲಿಲ್ಲ. ಹೊಸ ಗೆರೆ ಎಳೆದೆ. ಅದು ಇವತ್ತಿನವರೆಗೂ ನೇರವಾಗಿದೆ. ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಜಾಸ್ತಿ ಆಯ್ತಲ್ವಾ ಅಂತ ಕೇಳಿ ಸುಮ್ನೆ ನಿಂತಿದ್ದವನು ನಾನು.

160 ಕಿಲೋಮೀಟರ್ ಮುಗಿದ ಮೇಲೆ ನಟ್ ಮತ್ತೆ ನೋಡಿದೆ. ಒಂದು ನಟ್ ಕಾಲು ಸುತ್ತು ತಿರುಗಿತು. ರಿಮ್ ಬಿಚ್ಚಿ ಹಾಕಿದ ಮೇಲೆ ಇದನ್ನು ನೋಡದೇ ಟ್ರ್ಯಾಕಿಗೆ ಹೋಗಬೇಡಿ.

ದಿನ 9: ಮೊದಲ ಬಿಸಿ

ಟ್ರ್ಯಾಕಿನಲ್ಲಿ ಬೆಳಗಿನ ಒಂದು ಪ್ರಾಕ್ಟೀಸ್ ಸೆಷನ್ ಮಾತ್ರ ಬುಕ್ ಮಾಡಿದ್ದೆ. ಎರಡು ಬುಕ್ ಮಾಡಿದ್ದರೆ ಎರಡನ್ನೂ ಓಡಿಸುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು.

ಬೆಳಿಗ್ಗೆ 25 ಡಿಗ್ರಿ. ನಾಲ್ಕಕ್ಕೂ 26 ಪಿಎಸ್‌ಐ ಗಾಳಿ, ನೆರಳಿನಲ್ಲೇ ಹಿಡಿದದ್ದು. ಕಾರಿನ ಒಂದು ಬದಿಗೆ ಬಿಸಿಲು ಬಿದ್ದಿದ್ದರೆ ಆ ಬದಿಯ ಟೈರು ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಇಳಿಸಿದಿರೋ, ಕೆಟ್ಟಿರಿ. ಗೇಜೂ ಅಷ್ಟೇ. ನನ್ನ ಹತ್ತಿರ ಎರಡಿವೆ, ಎರಡಕ್ಕೂ ಒಂದೂವರೆ ಪಿಎಸ್‌ಐ ಜಗಳ. ಯಾವುದು ನಿಜ ಅಂತ ಹುಡುಕುವುದು ಬಿಟ್ಟು ಒಂದನ್ನು ಮನೆಯಲ್ಲಿಟ್ಟು ಬರುತ್ತೇನೆ.

ಯೋಜನೆ ಹೀಗೆ. ಹೊರಗೆ ಹೋಗುವ ಲ್ಯಾಪ್ ಪೂರ್ತಿ ಆರಾಮ. ಆಮೇಲೆ ಪ್ರತಿ ಲ್ಯಾಪಿಗೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುವುದು. ನಾಲ್ಕನೇ ಲ್ಯಾಪಿಗೆ ನನ್ನ ಮಾಮೂಲು ವೇಗದ ಹತ್ತಿರ. ಆಮೇಲೆ ಒಂದು ಲ್ಯಾಪ್ ಬ್ರೇಕೇ ಮುಟ್ಟದ ಹಾಗೆ ಓಡಿಸಿ ಒಳಗೆ. ಟೈರ್ ಎಲ್ಲೂ ಜಾರಬಾರದು, ಬ್ರೇಕ್ ಲಾಕ್ ಆಗಬಾರದು. ರಬ್ಬರ್ ಒಳಗಿನಿಂದ ಬಿಸಿಯಾಗಬೇಕು, ಉಜ್ಜಿ ಬಿಸಿಯಾಗಬಾರದು. ಟೈರ್ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಉರುಳುವಾಗ ಹುಟ್ಟುವ ಬಿಸಿ ಬೇರೆ, ನೆಲಕ್ಕೆ ಉಜ್ಜಿದಾಗ ಹುಟ್ಟುವ ಬಿಸಿ ಬೇರೆ.

ಕಾರಿನೊಳಗಿನಿಂದ ಗೊತ್ತಾದದ್ದು: ಮೊದಲೆರಡು ಲ್ಯಾಪ್ ಸ್ಟಿಯರಿಂಗ್ ತೇಲಿದ ಹಾಗಿತ್ತು. ತಿರುಗಿಸಿದ ಮೇಲೆ ಅರೆಕ್ಷಣ ಕಾಯಬೇಕು, ಆಮೇಲೆ ಮೂತಿ ತಿರುಗುತ್ತದೆ. ಪೂರ್ತಿ ಆಳದ ಹೊಸ ಟ್ರೆಡ್ ಬ್ಲಾಕುಗಳು ಅಡ್ಡಡ್ಡ ಬಾಗುವುದರಿಂದ ಹೀಗೆ. ಇದಕ್ಕೇ ಕೆಲವರು ಹೊಸ ಟೈರಿನ ಟ್ರೆಡ್ಡನ್ನು ಮೆಷಿನ್‌ನಲ್ಲಿ ಹೆರೆಸಿ ಹಾಕುತ್ತಾರೆ. ಬಾಗುವುದು ಕಮ್ಮಿ, ಬಿಸಿಯೂ ಕಮ್ಮಿ. ದುಡ್ಡು ಕೊಟ್ಟು ತಂದ ರಬ್ಬರನ್ನು ಕೆತ್ತಿ ಕಸಕ್ಕೆ ಹಾಕೋಕೆ ನನಗಿನ್ನೂ ಮನಸ್ಸು ಬಂದಿಲ್ಲ. ಮೂರನೇ ಲ್ಯಾಪಿನ ನಡುವಿನಲ್ಲಿ ಸ್ಟಿಯರಿಂಗಿಗೆ ತೂಕ ಬಂತು. ಅಷ್ಟೇ, ದೊಡ್ಡ ಪವಾಡ ಏನಿಲ್ಲ.

ಒಟ್ಟು 12 ನಿಮಿಷ. ಒಳಗೆ ಬಂದು ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಚಕ್ರ ಉರುಳದ ಹಾಗೆ ಅಡೆ ಕೊಟ್ಟು ಓಡಿದೆ. ಟೈರಿನ ಬಿಸಿ ಅಳೆಯೋಕೆ ಸೂಜಿಯಿರುವ ಪೈರೋಮೀಟರ್ ಬೇಕು, ಅದನ್ನು ರಬ್ಬರಿಗೆ ಚುಚ್ಚಿ ಒಳಗಿನ ಬಿಸಿ ನೋಡಬೇಕು. ಲೇಸರ್ ಗನ್ನು ತೋರಿಸುವುದು ಮೇಲ್ಮೈ ಮಾತ್ರ, ಅದು ಪಿಟ್ಟಿಗೆ, ಅಂದರೆ ಟ್ರ್ಯಾಕ್ ಪಕ್ಕದ ಕಾರು ನಿಲ್ಲಿಸುವ ಜಾಗಕ್ಕೆ, ಬರುವಷ್ಟರಲ್ಲೇ ಆರಿರುತ್ತದೆ. ಒಳ ಅಂಚು, ನಡು, ಹೊರ ಅಂಚು, ಈ ಕ್ರಮದಲ್ಲಿ ಚುಚ್ಚಿದೆ.

ಮುಂದಿನ ಎಡ: 78, 74, 71. ಗಾಳಿ 32.
ಮುಂದಿನ ಬಲ: 72, 67, 63. ಗಾಳಿ 31.
ಹಿಂದಿನ ಎಡ: 49, 47, 46. ಗಾಳಿ 29.
ಹಿಂದಿನ ಬಲ: 46, 45, 44. ಗಾಳಿ 28.5.

ಈ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಜಾಸ್ತಿ, ಹಾಗಾಗಿ ಎಡ ಟೈರಿಗೆ ಕೆಲಸ ಜಾಸ್ತಿ. ಮುಂದಿನ ಎಡದ ಒಳ ಅಂಚು ಹೊರಗಿಗಿಂತ 7 ಡಿಗ್ರಿ ಜಾಸ್ತಿ ಬಿಸಿ, ಇಷ್ಟು ಕ್ಯಾಂಬರಿಗೆ ಸರಿ. ನಡುಭಾಗ ಎರಡು ಅಂಚಿಗಿಂತ ಬಿಸಿ ಇದ್ದಿದ್ದರೆ ಗಾಳಿ ಜಾಸ್ತಿ, ಎರಡಕ್ಕಿಂತ ತಣ್ಣಗಿದ್ದರೆ ಕಮ್ಮಿ ಅಂತ ಅರ್ಥ ಮಾಡಿಕೊಳ್ಳುತ್ತಿದ್ದೆ. ಗಾಳಿ ಲೆಕ್ಕವನ್ನೂ ಕೂಡಿ ನೋಡಿದೆ. ಸುಮಾರು 5.5 ಡಿಗ್ರಿಗೆ 1 ಪಿಎಸ್‌ಐ ಏರುತ್ತದೆ ಅನ್ನುವ ಅಂದಾಜು ಎಲ್ಲರಿಗೂ ಗೊತ್ತಿರುವುದೇ. ಕಾರಿನ ಟೈರಿಗೆ ಅದು ಸ್ವಲ್ಪ ಒರಟು ಲೆಕ್ಕ. 26ರಿಂದ 32ಕ್ಕೆ ಏರಬೇಕಾದರೆ ಒಳಗಿನ ಗಾಳಿ ಸುಮಾರು 70 ಡಿಗ್ರಿಗೆ ಬಂದಿರಬೇಕು. ಸೂಜಿ ಹೇಳಿದ್ದಕ್ಕೆ ಹತ್ತಿರವೇ ಇದೆ.

ಹಿಂದಿನ ಎರಡರ ಅಂಕಿ ಬರೆದೆ, ನೋಡಿದೆ, ಫ್ರಂಟ್ ವೀಲ್ ಡ್ರೈವ್ ಅಲ್ವಾ ಅಂತ ಪುಟ ತಿರುಗಿಸಿದೆ. ಈ ಸಾಲಿನ ಕೆಳಗೆ ಆಮೇಲೆ ಕೆಂಪು ಪೆನ್ನಿನಲ್ಲಿ ಎರಡು ಗೀಟು ಎಳೆದಿದ್ದೇನೆ.

ದಿನ 9, 10, 11: ಏನೂ ಮಾಡದೇ ಇರುವುದು

ಅಲ್ಲೇ ಪಿಟ್ಟಿನಲ್ಲಿ ಜಾಕಿ ಕೊಟ್ಟು ನಾಲ್ಕೂ ಬಿಚ್ಚಿ ನೆರಳಿಗಿಟ್ಟೆ. ನೀರು ಹಾಕಲಿಲ್ಲ. ಮನೆಗೆ ಹೋಗೋಕೆ ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಬಂದಿದ್ದ ಹಳೆ ಸೆಟ್ ಹಾಕುತ್ತಿದ್ದೆ. ಗೆಳೆಯ ಬಂದು ನೋಡಿ, "ಮಧ್ಯಾಹ್ನ ಇನ್ನೊಂದು ಸೆಷನ್ ಖಾಲಿ ಇದೆ ಕಣೋ, ಬಾ" ಅಂದ. ಟೈರಿಗೆ ರೆಸ್ಟ್ ಕೊಡಬೇಕು ಅಂದೆ. "ಲೇ, ಅದೇನು ಬಾಣಂತಿನಾ ರೆಸ್ಟ್ ಕೊಡೋಕೆ?" ಅಂತ ಅವನು ನಕ್ಕಿದ್ದು ಅಕ್ಕಪಕ್ಕದ ಮೂರು ಪಿಟ್ಟಿಗೆ ಕೇಳಿಸಿತು.

ರೆಸ್ಟ್ ಯಾಕೆ ಅಂದರೆ, ರಬ್ಬರಿನೊಳಗೆ ಅಣುಗಳ ಉದ್ದುದ್ದ ಸರಪಣಿಗಳು ಹೆಣೆದುಕೊಂಡಿರುತ್ತವೆ. ಅವನ್ನು ಒಂದಕ್ಕೊಂದು ಕಟ್ಟಿಹಾಕಿರುವುದು ಗಂಧಕ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಕಂಡುಕೊಂಡದ್ದು ಇದನ್ನೇ. ಇದರ ಮೇಲೆ ಇಂಗಾಲದ ಪುಡಿ, ಸಿಲಿಕಾ ಬೇರೆ ಬೆರೆಸಿರುತ್ತಾರೆ. ಬೆಂದು ಹೊರಬಂದ ಟೈರಿನಲ್ಲಿ ಈ ಹಿಡಿತಗಳೆಲ್ಲ ಒಂದೇ ಸಮ ಇರುವುದಿಲ್ಲ. ಕೆಲವು ಬಿಗಿ, ಕೆಲವು ಸಡಿಲ. ಮೊದಲ ಸಲ ಜೋರಾಗಿ ಎಳೆದಾಗ ಕೆಲವು ಬಿಟ್ಟುಕೊಳ್ಳುತ್ತವೆ. ಹಾಗಾಗಿ ಎರಡನೇ ಸಲ ಅಷ್ಟೇ ಎಳೆಯೋಕೆ ಮೊದಲಿನಷ್ಟು ಬಲ ಬೇಡ. ಇದಕ್ಕೆ ಮಲ್ಲಿನ್ಸ್ ಎಫೆಕ್ಟ್ ಅಂತಲೇ ಹೆಸರಿದೆ. ಹೊಸ ರಬ್ಬರ್ ಬ್ಯಾಂಡನ್ನು ಎರಡು ಸಲ ಹಿಗ್ಗಿಸಿ ನೋಡಿ, ಬೆರಳಿಗೇ ಗೊತ್ತಾಗುತ್ತದೆ.

ಬಿಟ್ಟುಕೊಂಡ ಹಿಡಿತಗಳು ನಿಧಾನಕ್ಕೆ ಮತ್ತೆ ಕಟ್ಟಿಕೊಳ್ಳುತ್ತವೆ, ಈ ಸಲ ಹೆಚ್ಚು ಸಮವಾಗಿ, ಅನ್ನುವುದು ಹೀಟ್ ಸೈಕಲ್ ಮಾಡುವವರ ವಾದ. ಅದಕ್ಕೆ ಕನಿಷ್ಠ 24 ಗಂಟೆ ಬಿಡಬೇಕು, 48 ಆದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ನಡುವೆಯೇ ಮತ್ತೆ ಕಾಯಿಸಿ ಎಳೆದರೆ ಕಟ್ಟಿಕೊಳ್ಳೋಕೆ ಸಮಯವೇ ಸಿಗಲ್ಲ. ಹಳೆ ಸೆಟ್ಟಿಗೆ ನಾನು ಮಾಡಿದ್ದು ಅದೇ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಹೀಗೆ ಮಾಡಿದರೆ ಗ್ರಿಪ್ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಒಂದೇ ಒಂದು ಲ್ಯಾಪಿನ ಟೈಮ್ ಬೇಕಾದವರು ಹೊಸ ಟೈರ್ ಹಾಕಿ ನೇರ ಓಡಿಸುವುದೇ ಸರಿ, ಎಷ್ಟೋ ಟೈರ್ ತನ್ನ ಅತ್ಯುತ್ತಮ ಲ್ಯಾಪ್ ಕೊಡುವುದು ಆಗಲೇ. ಇದು ಒಂದೇ ಸೆಟ್ಟಿನಲ್ಲಿ ಇಡೀ ಸೀಸನ್ ಕಳೆಯಬೇಕಾದವರ ಉಪಾಯ. ಮೃದು ಟೈರುಗಳು ಸವೆದು ಸಾಯುವುದಕ್ಕಿಂತ ಕಾಯ್ದು ಆರಿ, ಕಾಯ್ದು ಆರಿ ಗಟ್ಟಿಯಾಗಿ ಸಾಯುವುದೇ ಜಾಸ್ತಿ.

ಎರಡು ದಿನ ಟೈರುಗಳು ಗ್ಯಾರೇಜಿನ ಮೂಲೆಯಲ್ಲಿ ಮಲಗಿದ್ದವು. ನಾನು ದಿನಕ್ಕೆ ಮೂರು ಸಲ ಹೋಗಿ ನೋಡಿ ಬರುತ್ತಿದ್ದೆ. ನೋಡೋಕೆ ಏನೂ ಇರಲಿಲ್ಲ.

ದಿನ 14: ಟೈಮ್ ಟ್ರಯಲ್, ಅಥವಾ ಕೆಂಪು ಪೆನ್ನು

ಬೆಳಿಗ್ಗೆ ಪ್ರಾಕ್ಟೀಸ್, ಮಧ್ಯಾಹ್ನ ಟೈಮ್ ಹಿಡಿಯುವ ಲ್ಯಾಪ್. ಪ್ರಾಕ್ಟೀಸಿನ ಎರಡನೇ ಲ್ಯಾಪಿನಲ್ಲಿ ಉದ್ದ ಬಲ ತಿರುವಿಗೆ ನುಗ್ಗಿದೆ. ಮುಂದಿನ ಟೈರುಗಳು ಗಟ್ಟಿಯಾಗಿ ಹಿಡಿದವು. ಎಷ್ಟು ಚೆನ್ನಾಗಿ ಅಂದರೆ, ಸ್ವಲ್ಪ ಆಕ್ಸಿಲರೇಟರ್ ಬಿಟ್ಟಿದ್ದೇ ತಡ, ಹಿಂಭಾಗ ನನ್ನ ಪಕ್ಕಕ್ಕೆ ಬಂದು ಮುಖ ತೋರಿಸಿತು. ಕ್ಲಚ್, ಬ್ರೇಕ್ ಎರಡೂ ಒತ್ತಿ ಕೂತೆ. ಒಂದೂವರೆ ಸುತ್ತು ತಿರುಗಿ ಹುಲ್ಲಿನ ಮೇಲೆ ನಿಂತೆ. ಕಾರಿಗೆ ಏನೂ ಆಗಲಿಲ್ಲ. ನನ್ನ ಮರ್ಯಾದೆ ಮಾತ್ರ ಅಲ್ಲೇ ಹುಲ್ಲಿನಲ್ಲಿ ಬಿತ್ತು.

ಪಿಟ್ಟಿಗೆ ಬಂದು ಹಿಂದಿನ ಟೈರ್ ಮುಂದೆ ಕೂತು ನೋಡಿದೆ. ಹೊರ ಅಂಚಿನಲ್ಲಿ ಒಂದು ಬೆರಳಗಲ ಹೊಳಪು. ಎರಡು ಮೂರು ಮೊಳೆ ಕೂದಲು ಹಾಯಾಗಿ ನಿಂತಿವೆ. ಮುಂದಿನವು ಸಣ್ಣ ಸ್ಯಾಂಡ್‌ಪೇಪರಿನ ಹಾಗೆ ಒಂದೇ ಸಮ ಒರಟಾಗಿದ್ದವು. ನೋಟ್‌ಬುಕ್ ತೆಗೆದು ದಿನ 9ರ ಪುಟ ನೋಡಿದೆ. 49, 47, 46. ಹಿಂದಿನ ಎರಡಕ್ಕೆ ಹೀಟ್ ಸೈಕಲ್ ಆಗಿಯೇ ಇರಲಿಲ್ಲ. ಬೆಚ್ಚಗಾಗಿ, ಎರಡು ದಿನ ರೆಸ್ಟ್ ತಗೊಂಡು ಬಂದಿದ್ದವು ಅಷ್ಟೇ.

ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಎಲ್ಲ ಮುಂದಿನ ಎರಡರ ಮೇಲೇ. ಹಿಂದಿನವು ಹಿಂದೆ ಹಿಂದೆ ಬರುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ, ಅದಕ್ಕೇ ಅಂಕಿ ನೋಡಿಯೂ ಪುಟ ತಿರುಗಿಸಿದ್ದು.

ನನ್ನ ಟೈರಿಗೆ ಹೊರಬದಿ ಒಳಬದಿ ಇದೆ, ತಿರುಗುವ ದಿಕ್ಕಿನ ಬಾಣ ಇಲ್ಲ. ಹಾಗಾಗಿ ಹಿಂದಿನದನ್ನು ಮುಂದಕ್ಕೆ ಹಾಕೋಕೆ ಅಡ್ಡಿ ಇರಲಿಲ್ಲ. ಅಲ್ಲೇ ಅದಲು ಬದಲು ಮಾಡಿ, ಉಳಿದ ಪ್ರಾಕ್ಟೀಸನ್ನು ಮತ್ತೆ ಅದೇ 12 ನಿಮಿಷದ ಲೆಕ್ಕದಲ್ಲಿ ಓಡಿಸಿದೆ. ಈ ಸಲ ಮುಂದೆ ಬಂದವು 77, 73, 70 ಮತ್ತು 71, 67, 64. ಸರಿ. ಆದರೆ ಈಗ ಅವಕ್ಕೆ ಎರಡು ದಿನ ರಜೆ ಬೇಕು, ಟೈಮ್ ಟ್ರಯಲ್ ಮೂರು ಗಂಟೆಗೆ.

ಗೆಳೆಯ ಏನೂ ಹೇಳಲಿಲ್ಲ. ಹೇಳುವುದು ಅವನ ಮುಖದಲ್ಲೇ ಇತ್ತು. ಮತ್ತೆ ಜಾಕಿ ಕೊಟ್ಟು, 75 ತೋರಿಸುತ್ತಿದ್ದ ಹಳೆ ಸೆಟ್ಟನ್ನೇ ಹಾಕಿ ಟೈಮ್ ಟ್ರಯಲ್ ಓಡಿಸಿದೆ. ಕ್ಲಾಸಿನಲ್ಲಿ 11 ಜನ, ನಾನು ಹತ್ತನೆಯವನು. ಹನ್ನೊಂದನೆಯವನ ಕಾರಿನ ಕ್ಲಚ್ ಹೋಗಿತ್ತು.

ದಿನ 35: ಇನ್ನೊಂದು ಟೈಮ್ ಟ್ರಯಲ್

ಈ ಸಲ ಬೆಳಿಗ್ಗೆ ಹಿಂದಿನ ಟೈರಿಗೆ 3 ಪಿಎಸ್‌ಐ ಜಾಸ್ತಿ ಹಾಕಿದೆ, 29. ಹಿಂದೆ ಬಿಸಿ ಕಮ್ಮಿ ಆಗುವುದರಿಂದ ಗಾಳಿಯೂ ಕಮ್ಮಿ ಏರುತ್ತದೆ. ಓಡಿದ ಮೇಲೆ ನಾಲ್ಕೂ 32ರ ಆಸುಪಾಸಿಗೆ ಬರಲಿ ಅಂತ. ಟೈರಿನ ಭುಜದ ಮೇಲೆ, ಅಂದರೆ ಟ್ರೆಡ್ ಮುಗಿದು ಪಕ್ಕ ಶುರುವಾಗುವಲ್ಲಿ, ಅಲ್ಲಲ್ಲಿ ಚಾಕ್‌ಪೀಸ್ ಗೀಚಿದೆ. ಚಾಕ್ ಎಲ್ಲಿಯವರೆಗೆ ಅಳಿಸಿದೆ ನೋಡಿದರೆ ಟೈರ್ ಎಷ್ಟು ಮಗುಚಿದೆ ಅಂತ ತಿಳಿಯುತ್ತದೆ. ಭುಜದ ಮೇಲೆ ತ್ರಿಕೋನದ ಗುರುತಿದ್ದರೆ ಅದರ ತುದಿ ದಾಟಬಾರದು.

ಮೊದಲ ಸೆಷನ್ ಆದ ಮೇಲೆ ಮುಂದಿನ ಎಡ 33.5 ಇತ್ತು, ಒಂದೂವರೆ ಇಳಿಸಿದೆ. ಮುಂದಿನ ಬಲ 32, ಹಿಂದಿನವು 32.5 ಮತ್ತು 32. ಚಾಕ್ ತ್ರಿಕೋನದ ತುದಿಯಲ್ಲಿ ನಿಂತಿತ್ತು. ಅದೇ ಉದ್ದ ಬಲ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಸ್ವಲ್ಪ ಸರಿದು ಮೂತಿಯನ್ನು ಒಳಕ್ಕೆ ತಿರುಗಿಸಿ ಕೊಡುತ್ತಿತ್ತು, ಅಷ್ಟೇ.

ನಾಲ್ಕು ಸೆಷನ್ ಮುಗಿದ ಮೇಲೆ ಡ್ಯೂರೋಮೀಟರ್ ಮನೆಗೆ ತಂದು, ಮರುದಿನ ಅದೇ ನೆರಳಲ್ಲಿ ಒತ್ತಿದೆ. ಮೊದಲು ಮುಂದೆ ಹಾಕಿದ್ದ ಜೋಡಿ 64, ಹಿಂದೆ ಹಾಕಿದ್ದ ಜೋಡಿ 63. ಟ್ರೆಡ್ 5.6 ಮತ್ತು 5.9. ಬಿಳಿ ಗೆರೆಗಳು ನಾಲ್ಕೂ ನೇರ. ಮುಂದಿನ ಎಡ ಟೈರಿನ ಹೊರ ಅಂಚಿನಲ್ಲಿ ಸಣ್ಣಗೆ ರಬ್ಬರ್ ಉಂಡೆ ಕಟ್ಟೋಕೆ ಶುರುವಾಗಿದೆ. ಕ್ಯಾಂಬರ್ ಇನ್ನೂ ಅರ್ಧ ಡಿಗ್ರಿ ಕೊಡಬೇಕೋ ಏನೋ, ಮುಂದಿನ ಪುಟದಲ್ಲಿ ಪ್ರಶ್ನೆ ಗುರುತು ಹಾಕಿ ಬಿಟ್ಟಿದ್ದೇನೆ. ಗೆಳೆಯ ಮೊನ್ನೆ ಹೊಸ ಸೆಟ್ ತರಿಸಿದ್ದಾನೆ. ಪೈರೋಮೀಟರ್ ಒಂದು ವಾರಕ್ಕೆ ಬೇಕಂತೆ. ಎರಡು ದಿನ ಅವನ ಟೈರ್ ನನ್ನ ಗ್ಯಾರೇಜಿನಲ್ಲೇ ಇರಲಿ ಅಂದ, ಅವನ ಮನೆಯಲ್ಲಿದ್ದರೆ ಅವನಿಗೆ ತಡೆಯೋಕಾಗಲ್ಲವಂತೆ.